ಆಕಾಶ ನೋಡಲೂ ಅಪ್ಪಣೆ ಬೇಕೇ?

2024ರ ಸೆಪ್ಟೆಂಬರ್ ತಿಂಗಳ ಕೊನೆಯ ದಿನಗಳು. ನಾಗಮಂಗಲ ಕಡೆಯ ಹಳ್ಳಿಯೊಂದರಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಫಜ್ರ್ ನಮಾಝ್ ಮುಗಿಸಿ ಮುಸಲ್ಲಾ ಮಡಚುತ್ತಿದ್ದಾಗ ತಂಗಿಯ ಮಗಳು ಬಂದು ಪಕ್ಕದಲ್ಲಿ ಕುಳಿತಳು. ಆಗ ತಾನೇ ಡಿಗ್ರಿಗೆ ಸೇರಿದ ಹುಡುಗಿ.

"ಖಾಲಾ, ಪೂರ್ವದಲ್ಲಿ ಧೂಮಕೇತು ಬಂದಿದೆಯಂತೆ. ಬೆಳಕು ಹರಿಯುವ ಮೊದಲು ಸ್ವಲ್ಪ ಹೊತ್ತು ಮಾತ್ರ ಕಾಣುತ್ತದಂತೆ. ತಾರಸಿ ಹತ್ತಿ ಫೋಟೊ ತೆಗೆಯಲಾ? ಅಬ್ಬಾನ ಕೇಳಿದರೆ ನಿಮ್ಮನ್ನು ಕೇಳು ಅಂದರು."

ಆ ಮನೆಯ ತಾರಸಿಗೆ ಮೆಟ್ಟಿಲಿಲ್ಲ. ಹಿತ್ತಲ ಗೋಡೆಗೆ ಒಂದು ಬಿದಿರಿನ ಏಣಿ ಒರಗಿಸಿಟ್ಟಿದ್ದಾರೆ. ಕೊಬ್ಬರಿ ಒಣಗಲು ಹಾಕುವಾಗ ಗಂಡಸರು ಹತ್ತುತ್ತಾರೆ. ಏಣಿ ಹತ್ತಿದವರು ಹಿಂದಿನ ಬೀದಿಯವರಿಗೆಲ್ಲ ಕಾಣುತ್ತಾರೆ. ನಾನು ಯೋಚಿಸಲೂ ಇಲ್ಲ. "ಬೇಡಮ್ಮ, ಹೊತ್ತಲ್ಲದ ಹೊತ್ತು. ನೋಡಿದವರು ಏನಂದುಕೊಂಡಾರು?" ಎಂದುಬಿಟ್ಟೆ. ಅವಳು ವಾದ ಮಾಡಲಿಲ್ಲ. ಎದ್ದು ಹೋಗಿ ಒಲೆಯ ಮೇಲೆ ಚಹಾ ಇಟ್ಟಳು.

ಎರಡು ದಿನಗಳ ನಂತರ ಬೆಂಗಳೂರಿನಿಂದ, ನಂದಿಬೆಟ್ಟದಿಂದ ಯಾರು ಯಾರೋ ತೆಗೆದ ಫೋಟೊಗಳು ಎಲ್ಲರ ಮೊಬೈಲಿಗೂ ಬಂದವು. ಕೆಂಪಾದ ಮೂಡಲ ದಿಕ್ಕಿನಲ್ಲಿ ಪುಟ್ಟ ಪೊರಕೆಯಂತಹ ಬಾಲ. ಅದರ ಹೆಸರು ತ್ಸುಚಿನ್‌ಶಾನ್-ಅಟ್ಲಾಸ್. 2023ರ ಆರಂಭದಲ್ಲಿ ಚೀನಾದ ಒಂದು ವೀಕ್ಷಣಾಲಯ ಮತ್ತು ದಕ್ಷಿಣ ಆಫ್ರಿಕಾದಲ್ಲಿರುವ ಅಟ್ಲಾಸ್ ದೂರದರ್ಶಕ ಅದನ್ನು ಪತ್ತೆ ಹಚ್ಚಿದ್ದರಿಂದ ಈ ಉದ್ದದ ಹೆಸರು. 2024ರ ಸೆಪ್ಟೆಂಬರ್ 27ರಂದು ಸೂರ್ಯನ ಸಮೀಪ ಸುತ್ತಿ ಹೊರಟಿತ್ತು. ಅಕ್ಟೋಬರ್ ಮಧ್ಯದಲ್ಲಿ ಸಂಜೆ ಪಶ್ಚಿಮಕ್ಕೆ ಕಾಣಿಸತೊಡಗಿದಾಗ ನಮ್ಮಲ್ಲಿ ಹಿಂಗಾರು ಮಳೆ ಕವಿದುಕೊಂಡಿತ್ತು. ಅದು ಹಿಂದಿನ ಸಲ ಸೂರ್ಯನ ಬಳಿ ಬಂದದ್ದು ಸುಮಾರು 80 ಸಾವಿರ ವರ್ಷಗಳ ಹಿಂದೆ ಎಂಬುದು ಅಂದಾಜು. ಇನ್ನೊಮ್ಮೆ ಬರುವುದೇ ಸಂಶಯ.

ಹುಡುಗಿ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ನನಗೆ ಬೇರೆಯದೇ ನೆನಪಾಗಿ ನಿದ್ದೆ ಕೆಟ್ಟಿತು.

1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ನನಗೆ ಹನ್ನೊಂದು ವರ್ಷ. ನನ್ನ ತವರು ಕೆ.ಆರ್. ಪೇಟೆ ಕಡೆ. ಅಬ್ಬಾ ಒಂದು ನಸುಕಿನಲ್ಲಿ ಅಣ್ಣಂದಿರಿಬ್ಬರನ್ನು ಎಬ್ಬಿಸಿ ಕೆರೆ ಏರಿಯ ಮೇಲೆ ಕರೆದುಕೊಂಡು ಹೋದರು. ನಾನೂ ಬರುತ್ತೇನೆಂದೆ. "ಹೆಣ್ಣುಮಗು ಈ ಕತ್ತಲಲ್ಲಿ ಎಲ್ಲಿಗೆ? ಬಂದು ಹೇಳುತ್ತೇವೆ" ಎಂದರು. ಬಂದು ಹೇಳಿದರು ಕೂಡ. ಹತ್ತಿ ಉಂಡೆಯ ಹಾಗಿತ್ತಂತೆ. ಅದು ಮತ್ತೆ ಬರುವುದು 2061ರಲ್ಲಿ. ಅಲ್ಲಾಹನು ಆಯುಷ್ಯ ಕೊಟ್ಟರೆ ಆಗ ನನಗೆ ಎಂಬತ್ತಾರು. ಅಂದು ಅಬ್ಬಾ ನನಗೆ ಹೇಳಿದ್ದನ್ನೇ ಮೂವತ್ತೆಂಟು ವರ್ಷಗಳ ನಂತರ ನಾನು ಈ ಹುಡುಗಿಗೆ ಹೇಳಿದ್ದೆ. ಅಬ್ಬಾ ಹೇಳುವಾಗ ಕನಿಷ್ಠ ನಿಜವಾದ ಕತ್ತಲಾದರೂ ಇತ್ತು, ಕೆರೆ ಏರಿಯಲ್ಲಿ ಹಾವಿನ ಭಯವಿತ್ತು. ನಾನು ಹೆದರಿದ್ದು ಹಿಂದಿನ ಬೀದಿಯ ಕಣ್ಣುಗಳಿಗೆ.

ಸಹೋದರಿಯರೇ, ಆಕಾಶ ನೋಡುವುದು ನಮ್ಮ ಮನೆಗಳಿಗೆ ಹೊಸದಲ್ಲ. ಶಾಬಾನ್‌ನ 29ರ ಸಂಜೆ ತಾರಸಿಯ ಮೇಲೆ ಯಾರು ಇರುತ್ತಾರೆ? ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ನನ್ನ ಅತ್ತೆಯೇ ಚಾಂದ್ ನೋಡುವುದರಲ್ಲಿ ಮೊದಲು. ಸೂರ್ಯ ಮುಳುಗಿದ ಜಾಗಕ್ಕೆ ಗುರುತಾಗಿ ಒಂದು ತೆಂಗಿನಮರವನ್ನು ಹಿಡಿದು, ಅಲ್ಲಿಂದ ಸ್ವಲ್ಪ ಮೇಲಕ್ಕೆ, ಸ್ವಲ್ಪ ಪಕ್ಕಕ್ಕೆ ಕಣ್ಣು ಹಾಯಿಸುತ್ತಾರೆ. ಕನ್ನಡಕ ಒರೆಸಿಕೊಂಡು "ಅಗೋ" ಎನ್ನುತ್ತಾರೆ. ಮಸೀದಿಯಿಂದ ಘೋಷಣೆ ಬರುವ ತನಕ ಬಾಯಿ ಬಿಡುವುದಿಲ್ಲ, ಆದರೆ ಶಾವಿಗೆ ಹುರಿಯಲು ಹೇಳುವುದೋ ಸಹರಿಗೆ ಅಕ್ಕಿ ತೊಳೆಯಲು ಹೇಳುವುದೋ ಅಲ್ಲೇ ತೀರ್ಮಾನವಾಗಿರುತ್ತದೆ. ಗೆರೆಯಂತಹ ಬಿದಿಗೆ ಚಂದ್ರನ ಉಳಿದ ಭಾಗವೂ ಮಸುಕಾಗಿ ಕಾಣುವುದನ್ನು ನನಗೆ ಮೊದಲು ತೋರಿಸಿದವರು ಅವರೇ. ಭೂಮಿಯ ಮೇಲೆ ಬಿದ್ದ ಬಿಸಿಲು ಅಲ್ಲಿಗೆ ತಲುಪಿ ಆ ಮಸುಕು ಬೆಳಕಾಗುತ್ತದೆ ಎಂದು ನಾನು ಆಮೇಲೆ ಓದಿ ತಿಳಿದೆ.

ಇನ್ನು ನಮ್ಮ ಹೆಸರುಗಳನ್ನೇ ನೋಡಿ. ಹಿಲಾಲ್, ಬದ್ರ್, ಕಮರ್ ಚಂದ್ರನವು. ನಜ್ಮಾ ಎಂದರೆ ನಕ್ಷತ್ರ. ಝುಹ್ರಾ ಎಂದರೆ ಶುಕ್ರಗ್ರಹ. ಸುರಯ್ಯಾ ಎಂದರೆ ಕೃತ್ತಿಕೆಯ ಗೊಂಚಲು. ಸುಹೈಲ್ ಎಂದರೆ ದಕ್ಷಿಣದ ಅಗಸ್ತ್ಯ ನಕ್ಷತ್ರ. ನಮ್ಮ ಕುಟುಂಬದಲ್ಲೇ ಇಬ್ಬರು ಸುಹೈಲ್‌ಗಳಿದ್ದಾರೆ. ಒಬ್ಬನೂ ತನ್ನ ನಕ್ಷತ್ರವನ್ನು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

2025ರ ಜನವರಿಯಲ್ಲಿ ತಂಗಿಯ ಮನೆಗೆ ಮತ್ತೆ ಹೋದೆ. ಇಶಾ ಆದ ಮೇಲೆ ನಾನೇ ಹುಡುಗಿಯನ್ನು ಕರೆದೆ. "ಏಣಿ ಹಿಡಿದುಕೋ, ಮೊದಲು ನಾನು ಹತ್ತುತ್ತೇನೆ." ಸೆರಗು ಸುತ್ತಿಕೊಂಡು ಏಣಿ ಹತ್ತುವುದು ಐವತ್ತರ ಹೆಂಗಸಿಗೆ ಸುಲಭವಲ್ಲ, ಅದರ ವಿವರ ಬೇಡ. ಚಾಪೆ, ಎರಡು ಶಾಲು, ಫ್ಲಾಸ್ಕಿನಲ್ಲಿ ಚಹಾ. ಭಾವ ಕೆಳಗೆ ಜಗಲಿಯ ಮೇಲೆ ಕುಳಿತಿದ್ದರು.

ಅವಳು ಮೊದಲು ಮಾಡಿದ್ದು ಮೊಬೈಲನ್ನು ಬೋರಲು ಹಾಕಿಸಿದ್ದು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಂತೆ. ನಡುವೆ ಒಮ್ಮೆ ಬಿಳಿ ಬೆಳಕು ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಟಾರ್ಚಿನ ಮುಖಕ್ಕೆ ಕೆಂಪು ಬಲೂನಿನ ತುಂಡೊಂದನ್ನು ಬಿಗಿದಿದ್ದಳು. ಕೆಂಪು ಬೆಳಕು ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಆ ತಿಂಗಳ ಆಕಾಶ ನಮ್ಮ ಅದೃಷ್ಟಕ್ಕೆ ಸಿಕ್ಕಿದ್ದು. ಪಶ್ಚಿಮದಲ್ಲಿ ದೀಪದಂತೆ ಝುಹ್ರಾ, ಅದರ ಹತ್ತಿರವೇ ಮಂಕಾಗಿ ಝುಹಲ್ ಎಂದರೆ ಶನಿ. ನಡುನೆತ್ತಿಯ ಕಡೆ ಮುಶ್ತರಿ ಎಂದರೆ ಗುರು. ಪೂರ್ವದಲ್ಲಿ ಕೆಂಪಗೆ ಮಿರ್ರೀಖ್ ಎಂದರೆ ಮಂಗಳ. ನಾಲ್ಕು ಗ್ರಹಗಳು ಒಂದೇ ಸಂಜೆಗೆ. ಮುಶ್ತರಿಯ ಪಕ್ಕದಲ್ಲಿ ಒಂದು ಕಿತ್ತಳೆ ಬಣ್ಣದ ನಕ್ಷತ್ರ. "ಖಾಲಾ, ಇದು ಅಲ್‌ದಬರಾನ್. ಅರಬಿಯಲ್ಲಿ ಹಿಂಬಾಲಿಸುವವನು ಅಂತ. ಸುರಯ್ಯಾಳ ಹಿಂದೆ ಹಿಂದೆ ಬರುತ್ತಾನಲ್ಲ, ಅದಕ್ಕೆ." ಸುರಯ್ಯಾ ಅಲ್ಲೇ ಇದ್ದಳು, ಕೈಮುಷ್ಟಿಯಿಂದ ಚೆಲ್ಲಿದ ಗಸಗಸೆಯ ಹಾಗೆ. ಬರಿಗಣ್ಣಿಗೆ ನಾನು ಆರು ಎಣಿಸಿದೆ, ಅವಳು ಏಳೆಂದಳು.

ಈ ಅಲ್‌ದಬರಾನ್ ಬೇರಾರೂ ಅಲ್ಲ, ನಮ್ಮ ರೈತರ ರೋಹಿಣಿ. ಕೆಳಗಿನಿಂದ ಭಾವ ಕೇಳಿಸಿಕೊಂಡು "ರೋಹಿಣಿ ಮಳೆ ಬರೋದು ಮೇ ಕೊನೇಲಿ, ಇದೇನು ಜನವರೀಲಿ ರೋಹಿಣಿ?" ಎಂದರು. ಒಳ್ಳೆಯ ಪ್ರಶ್ನೆಯೇ. ಮಳೆಗೆ ನಕ್ಷತ್ರದ ಹೆಸರಿಡುವುದು ಆ ದಿನಗಳಲ್ಲಿ ಸೂರ್ಯ ಯಾವ ನಕ್ಷತ್ರದ ಬಳಿ ಇದ್ದಾನೆ ಎಂಬುದರ ಮೇಲೆ. ಮೇ ಕೊನೆಯ ವಾರ ಸೂರ್ಯ ರೋಹಿಣಿಯ ಬಳಿ ಇರುತ್ತಾನೆ. ಹಾಗಾಗಿ ರೋಹಿಣಿ ಮಳೆ ಸುರಿಯುವಾಗ ರೋಹಿಣಿ ನಕ್ಷತ್ರ ಹಗಲಿನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ಅದನ್ನು ರಾತ್ರಿ ನೋಡಬೇಕೆಂದರೆ ಚಳಿಗಾಲಕ್ಕೇ ಬರಬೇಕು. ಭರಣಿಯಿಂದ ಸ್ವಾತಿಯವರೆಗೆ ಮಳೆಯ ಹೆಸರೆಲ್ಲ ಬಾಯಿಪಾಠವಿರುವ ಭಾವನಿಗೆ ಅಂದೇ ಈ ಲೆಕ್ಕ ಗೊತ್ತಾದದ್ದು. ಸ್ವಲ್ಪ ಹೊತ್ತಿಗೆ ಅವರೂ ಏಣಿ ಹತ್ತಿ ಬಂದರು.

ದಕ್ಷಿಣದಲ್ಲಿ ಶಿಅರಾ, ಕನ್ನಡದಲ್ಲಿ ಲುಬ್ಧಕ, ರಾತ್ರಿ ಆಕಾಶದ ಅತ್ಯಂತ ಹೊಳೆಯುವ ನಕ್ಷತ್ರ. ಸೂರಾ ಅನ್ನಜ್ಮ್‌ನಲ್ಲಿ ಇದರ ಹೆಸರು ಬಂದಿದೆ. ಎಷ್ಟು ಸಲ ಓದಿದ್ದೇನೆ, ಯಾವುದೆಂದು ಒಮ್ಮೆಯಾದರೂ ತಲೆಯೆತ್ತಿ ಹುಡುಕಿರಲಿಲ್ಲ. ಅದರ ಕೆಳಗೆ, ತೆಂಗಿನ ಗರಿಗಳ ಸಂದಿಯಲ್ಲಿ, ಎರಡನೆಯ ಸ್ಥಾನದ ಸುಹೈಲ್. ಯುರೋಪಿನ ಬಹಳಷ್ಟು ಕಡೆ ಈ ನಕ್ಷತ್ರ ಕಾಣುವುದೇ ಇಲ್ಲ. ನಮ್ಮ ಮಂಡ್ಯ ಜಿಲ್ಲೆಗೆ ದಕ್ಷಿಣದ ಆಕಾಶವೂ ಧಾರಾಳ. ಆಗಲೇ ಬೆಂಗಳೂರಿನಲ್ಲಿರುವ ನಮ್ಮ ಸುಹೈಲ್‌ಗೆ ಫೋನ್ ಮಾಡಿ ಹೇಳಿದೆ. ಅವನಿಗೆ ಎದುರಿನ ಅಪಾರ್ಟ್‌ಮೆಂಟ್ ಅಡ್ಡವಂತೆ.

ಉತ್ತರಕ್ಕೆ ತಿರುಗಿದೆವು. ಧ್ರುವ ನಕ್ಷತ್ರ ತುಂಬಾ ಮೇಲಿರುತ್ತದೆ ಎಂದುಕೊಂಡಿದ್ದೆ. ಇಲ್ಲ, ಮರದ ತುದಿಯಲ್ಲೇ ಇತ್ತು. ಒಂದು ಊರು ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಉತ್ತರಕ್ಕಿದೆಯೋ ಧ್ರುವ ನಕ್ಷತ್ರ ಅಲ್ಲಿ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಶ್ರೀರಂಗಪಟ್ಟಣ ಹನ್ನೆರಡೂವರೆಗೆ ಸ್ವಲ್ಪ ಕಡಿಮೆ, ನಾಗಮಂಗಲ ಅದಕ್ಕಿಂತ ಸ್ವಲ್ಪ ಹೆಚ್ಚು. ಕೈ ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಹತ್ತು ಡಿಗ್ರಿ. ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು ಇಟ್ಟರೆ ಧ್ರುವ ಸಿಕ್ಕಿತು. ಅಳತೆಪಟ್ಟಿ ಬೇಡ, ದುಡ್ಡು ಬೇಡ.

ನಮ್ಮ ಶ್ರೀರಂಗಪಟ್ಟಣದ ಚರಿತ್ರೆಯಲ್ಲಿ ಈ ಉತ್ತರ ದಕ್ಷಿಣದ ಒಂದು ಕಥೆಯಿದೆ. 1799ರ ಏಪ್ರಿಲ್‌ನಲ್ಲಿ ಇಂಗ್ಲಿಷರ ಸೇನೆ ಊರನ್ನು ಮುತ್ತಲು ಬಂದಿದ್ದಾಗ ಜನರಲ್ ಬೇರ್ಡ್ ರಾತ್ರಿ ಕತ್ತಲಲ್ಲಿ ತನ್ನ ಪಡೆಯನ್ನು ದಾರಿ ತಪ್ಪಿಸಿ ದಕ್ಷಿಣಕ್ಕೆ, ಟಿಪ್ಪು ಸುಲ್ತಾನರ ಸೈನ್ಯದ ಕಡೆಗೇ ನಡೆಸುತ್ತಿದ್ದನಂತೆ. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರ ನೋಡಿ, ನಾವು ಹೋಗಬೇಕಾದದ್ದು ಉತ್ತರಕ್ಕೆ ಎಂದು ಎಚ್ಚರಿಸಿದ. ಮುಂದೆ ಇಡೀ ಭಾರತವನ್ನು ಅಳೆದ ಮಹಾ ಸರ್ವೇಕ್ಷಣೆಯನ್ನು ಆರಂಭಿಸಿದವನೂ ಇವನೇ. ಮೇ 4ರಂದು ಕೋಟೆ ಬಿತ್ತು. ಆ ರಾತ್ರಿ ಮೋಡವಿದ್ದಿದ್ದರೆ ಎಂದು ನಾನು ಕೆಲವೊಮ್ಮೆ ಯೋಚಿಸುವುದುಂಟು. ಟಿಪ್ಪುವಿಗೂ ಆಕಾಶದ ಲೆಕ್ಕ ಹೊಸದಲ್ಲ. ತನ್ನದೇ ಪಂಚಾಂಗ ಮಾಡಿಸಿ, ತಿಂಗಳುಗಳಿಗೆ ಅಹ್ಮದಿಯಿಂದ ಹಿಡಿದು ರಬ್ಬಾನಿಯವರೆಗೆ ಹೊಸ ಹೆಸರಿಟ್ಟವರು ಅವರು.

ಈಗ ಫೋಟೊ ವಿಷಯ. ದೊಡ್ಡ ಕ್ಯಾಮೆರಾ ಬೇಕೆಂದು ನಾನು ತಿಳಿದಿದ್ದೆ. ಹುಡುಗಿಯದು ಮಧ್ಯಮ ಬೆಲೆಯ ಸಾಧಾರಣ ಮೊಬೈಲ್. ಅದರಲ್ಲಿ 'ಪ್ರೊ' ಎಂಬ ವಿಭಾಗವಿದೆ. ಷಟರ್ 15 ಸೆಕೆಂಡ್, ಐಎಸ್‌ಒ 1600, ಫೋಕಸ್ ಅತಿ ದೂರಕ್ಕೆ. ಬೆರಳು ತಾಗಿದರೆ ಅಲುಗುತ್ತದೆಂದು ಮೂರು ಸೆಕೆಂಡಿನ ಟೈಮರ್. ಸ್ಟ್ಯಾಂಡಿನ ಬದಲು ಎರಡು ಇಟ್ಟಿಗೆಯ ನಡುವೆ ರಾಗಿ ತುಂಬಿದ ಪುಟ್ಟ ಚೀಲ, ಅದರ ಮೇಲೆ ಮೊಬೈಲ್ ಆಕಾಶ ನೋಡುತ್ತಾ ಮಲಗಿತ್ತು. 15 ಸೆಕೆಂಡೇ ಏಕೆಂದರೆ, ಇಪ್ಪತ್ತು ದಾಟಿದರೆ ಭೂಮಿ ತಿರುಗಿದ್ದು ಫೋಟೊದಲ್ಲಿ ಗೊತ್ತಾಗಿ ನಕ್ಷತ್ರಗಳು ಚುಕ್ಕೆಯ ಬದಲು ಗೀಟಾಗುತ್ತವೆ. ಮೊದಲ ಚಿತ್ರ ಬಂದಾಗ ನಾನು ನಂಬಲಿಲ್ಲ. ಕಣ್ಣಿಗೆ ಕಾಣದ ನೂರಾರು ನಕ್ಷತ್ರಗಳು. ಮೃಗಶಿರದ ಕಡೆ, ಬೇಟೆಗಾರನ ಸೊಂಟಪಟ್ಟಿಯಂತಿರುವ ಮೂರು ನಕ್ಷತ್ರಗಳ ಕೆಳಗೆ, ಮಸುಕು ಗುಲಾಬಿ ಕಲೆ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆಯಂತೆ.

ಆಮೇಲೆ ಗೀಟುಗಳನ್ನೂ ಬೇಕೆಂದೇ ತೆಗೆದಳು. ಉತ್ತರಕ್ಕೆ ಮೊಬೈಲ್ ಇಟ್ಟು ಒಂದು ಗಂಟೆ ಒಂದರ ಹಿಂದೊಂದು ಚಿತ್ರ ತೆಗೆದು ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿದಾಗ, ಧ್ರುವದ ಸುತ್ತ ಬಳೆಯ ಚೂರುಗಳಂತಹ ಬಿಲ್ಲುಗಳು. ಅದರ ನಡುವೆ ಒಂದು ಅಡ್ಡಾದಿಡ್ಡಿ ಬಿಳಿ ಗೆರೆ. ಅದು ನಾನು ಚಹಾ ಬಗ್ಗಿಸಲು ಟಾರ್ಚಿನ ಬಲೂನು ತೆಗೆದದ್ದು.

ಉಪಕರಣದಲ್ಲಿ ನಾವೂ ಮೋಸ ಹೋದೆವು. ಅವಳಣ್ಣ ಯಾವುದೋ ಆನ್‌ಲೈನ್ ಅಂಗಡಿಯಿಂದ ಟೆಲಿಸ್ಕೋಪ್ ತರಿಸಿದ. ಡಬ್ಬದ ಮೇಲೆ ಐನೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆಂದು ಅಚ್ಚಾಗಿತ್ತು. ಅದರ ಕಾಲುಗಳು ಗಾಳಿಗೇ ನಡುಗುತ್ತಿದ್ದವು, ಚಂದ್ರನೂ ನಡುಗುತ್ತಿದ್ದ. ಪಟ್ಟು ಹೆಚ್ಚಿದಷ್ಟೂ ಚಿತ್ರ ಮಂಕು. ನೋಡಬೇಕಾದದ್ದು ಮುಂದಿನ ಗಾಜಿನ ಅಗಲವನ್ನು, ಕಾಲುಗಳ ಗಟ್ಟಿತನವನ್ನು. ಅದು ಈಗ ಅಟ್ಟದಲ್ಲಿದೆ. ಆಮೇಲೆ ತಂದ 10×50 ಬೈನಾಕ್ಯುಲರ್ ಸಾಕಾಯಿತು. ಗೋಡೆಗೆ ಮೊಣಕೈ ಊರಿ ಹಿಡಿದರೆ ಮುಶ್ತರಿಯ ಪಕ್ಕ ಅದರ ಚಂದ್ರರು ಸಾಸಿವೆಯಂತೆ ಸಾಲಾಗಿ ಕಾಣುತ್ತಾರೆ. ಸುರಯ್ಯಾ ಆರೇಳರಿಂದ ಹತ್ತಾರಾಗುತ್ತಾಳೆ. ವಾಯುವ್ಯದಲ್ಲಿ ಒಂದು ಹೊಗೆಯ ಮಚ್ಚೆ ಸಿಗುತ್ತದೆ, ಆಂಡ್ರೋಮಿಡಾ ಗೆಲಾಕ್ಸಿ, ಬೆಳಕು ನಮ್ಮನ್ನು ತಲುಪಲು ಸುಮಾರು 25 ಲಕ್ಷ ವರ್ಷ ಹಿಡಿಯುವಷ್ಟು ದೂರ. ಸುಮಾರು 964ರಲ್ಲಿ ಅಬ್ದುರ್‍ರಹ್ಮಾನ್ ಅಸ್ಸೂಫಿ ತಮ್ಮ ನಕ್ಷತ್ರಗಳ ಗ್ರಂಥದಲ್ಲಿ ಇದನ್ನು ಪುಟ್ಟ ಮೋಡವೆಂದು ಗುರುತಿಸಿದ್ದರು. ದೂರದರ್ಶಕ ಬರಲು ಇನ್ನೂ ಆರೂವರೆ ಶತಮಾನ ಬಾಕಿಯಿತ್ತು. ಅದೇ ಶತಮಾನದಲ್ಲಿ ಅಲೆಪ್ಪೊದಲ್ಲಿ ಅಲ್‌ಇಜ್ಲಿಯಾ ಎಂಬ ಮಹಿಳೆ ನಕ್ಷತ್ರಗಳನ್ನು ಅಳೆಯುವ ಆಸ್ಟ್ರೊಲೇಬ್ ಎಂಬ ಉಪಕರಣವನ್ನು ತಯಾರಿಸುತ್ತಿದ್ದರು, ತಂದೆಯದೂ ಅದೇ ಕಸುಬು. 1990ರಲ್ಲಿ ಪತ್ತೆಯಾದ ಒಂದು ಕ್ಷುದ್ರಗ್ರಹಕ್ಕೆ ಅವರ ಹೆಸರಿದೆ. ಇದನ್ನು ನನಗೆ ಹೇಳುವಾಗ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ಕೇಳದೇ ಕೇಳಿದ್ದು ನನಗೆ ಅರ್ಥವಾಯಿತು.

2025ರ ಸೆಪ್ಟೆಂಬರ್ 7ರ ಖಗ್ರಾಸ ಚಂದ್ರಗ್ರಹಣವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ರಾತ್ರಿ 11ರಿಂದ 12 ಗಂಟೆ 22 ನಿಮಿಷದವರೆಗೆ ಚಂದ್ರ ಪೂರ್ತಿ ತಾಮ್ರದ ಬಣ್ಣ. ಅಂದು ನಮ್ಮ ಮನೆಯಲ್ಲಿ ಸೊಸೆ ಐದು ತಿಂಗಳ ಬಸುರಿ. ಸಂಜೆಯಿಂದಲೇ ಅವಳ ತವರಿನಿಂದ ಫೋನು. ಹೊರಗೆ ಬಿಡಬೇಡಿ, ಚಾಕು ಮುಟ್ಟಿಸಬೇಡಿ, ಮಗುವಿಗೆ ಅಂಗ ಊನವಾಗುತ್ತದೆ. ಹೇಳುತ್ತಿದ್ದವರು ಐದು ಹೊತ್ತು ನಮಾಝ್ ಮಾಡುವವರೇ. ಪ್ರವಾದಿ(ಸ)ರ ಪುತ್ರ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಜನರು ಮಗುವಿನ ಸಾವಿಗೇ ಗ್ರಹಣವೆಂದಾಗ, ಯಾರ ಹುಟ್ಟು ಸಾವಿಗೂ ಗ್ರಹಣ ಹಿಡಿಯುವುದಿಲ್ಲವೆಂದು ಅವರು ತಮ್ಮ ದುಃಖದ ನಡುವೆಯೂ ಅವರನ್ನು ತಿದ್ದಿದರು. ಖಗೋಳ ಲೆಕ್ಕದವರು ಆ ಗ್ರಹಣವನ್ನು ಕ್ರಿ.ಶ. 632ರ ಜನವರಿ 27ರದೆಂದು ಗುರುತಿಸುತ್ತಾರೆ. ಬೀಗಿತ್ತಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ಆದರೂ ಆಪಾ…" ಎಂದರು. ಆ 'ಆದರೂ' ಇದೆಯಲ್ಲ, ಅದೇ ಕಷ್ಟ. ಕೊನೆಗೆ ಸೊಸೆಯೇ ಕುರ್ಚಿ ಹಿಡಿದುಕೊಂಡು ಮೇಲೆ ಬಂದಳು. ಮೋಡ ಸರಿದಾಗಲೆಲ್ಲ ನೋಡಿದೆವು, ಗ್ರಹಣದ ನಮಾಝ್ ಮಾಡಿದೆವು. ಮಗು ಈ ಭೂಮಿಗೆ ಬಂದಾಗ, ಅಲ್ಹಮ್ದುಲಿಲ್ಲಾಹ್, ಬೀಗಿತ್ತಿ ಮೊದಲು ಎಣಿಸಿದ್ದು ಬೆರಳುಗಳನ್ನು.

ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ಎಷ್ಟು ಹೊತ್ತಾದರೂ ನೋಡಬಹುದು. ಸೂರ್ಯಗ್ರಹಣ ಹಾಗಲ್ಲ, ಅದಕ್ಕೆಂದೇ ಮಾಡಿದ ಕನ್ನಡಕವಿಲ್ಲದೆ ಕ್ಷಣವೂ ನೋಡಬಾರದು. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡಿನ ಸಹೋದರಿಯರಿಗೆ ಬಳೆಯಂತಹ ಸೂರ್ಯ ಕಂಡಿತ್ತು. ನಮಗೆ ಶ್ರೀರಂಗಪಟ್ಟಣದಲ್ಲಿ ಪೂರ್ತಿ ಬಳೆ ಸಿಗಲಿಲ್ಲ. ಆದರೆ ಹೊಂಗೆ ಮರದ ನೆರಳಿನಲ್ಲಿ ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಬಿದಿಗೆ ಚಂದ್ರನ ಆಕಾರವಾಗಿದ್ದವು. ಮಕ್ಕಳು ಅವನ್ನು ಹಿಡಿಯಲು ಓಡಾಡಿದರು.

ಇನ್ನೊಂದು ವಿಷಯ, ಕತ್ತಲೆಯದು. ಶ್ರೀರಂಗಪಟ್ಟಣದ ನಮ್ಮ ತಾರಸಿಯಿಂದ ನೈಋತ್ಯದಲ್ಲಿ ಮೈಸೂರಿನ ದೀಪಗಳ ಹೊಳಪು ಮೋಡಕ್ಕೆ ಬಡಿದು ರಾತ್ರಿಯಿಡೀ ಬೆಳಗಿನ ಜಾವದಂತಿರುತ್ತದೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಬಂದ ಮೇಲೆ ಇನ್ನಷ್ಟು ಬೆಳಕು. ಪಾಂಡವಪುರದ ಕಡೆ ಪೇಟೆಯ ಬೆಳಕಿನ ಜೊತೆಗೆ ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಗಳ ಹೊಗೆ. ಮೇಲುಕೋಟೆ ದಾಟಿ ನಾಗಮಂಗಲದ ಕಡೆಗೋ, ಅತ್ತ ಕೆ.ಆರ್. ಪೇಟೆಯ ಒಳಹಳ್ಳಿಗಳಿಗೋ ಹೋದರೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಈಗಲೂ ಕ್ಷೀರಪಥದ ಹಾಲುಹಾದಿ ಕಾಣುತ್ತದೆ. ಲಡಾಖ್‌ನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯನ್ನೇ ಕಾಯುವ ಆಕಾಶಧಾಮ ಘೋಷಣೆಯಾಯಿತು. ಅಲ್ಲಿನ ದೊಡ್ಡ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಮೂಲಕ. ಹಾನ್ಲೆಯ ಹಳ್ಳಿಗರಿಗೆ ದೂರದರ್ಶಕ ಕೊಟ್ಟು, ಪ್ರವಾಸಿಗರಿಗೆ ಆಕಾಶ ತೋರಿಸಲು ತರಬೇತಿ ಕೊಟ್ಟಿದ್ದಾರೆ. ಅವರಲ್ಲಿ ಹೆಂಗಸರೇ ಹೆಚ್ಚು.

ತಂಗಿಯ ಹಳ್ಳಿಯಲ್ಲೂ ಬೀದಿಗೆ ಹೊಸ ಎಲ್‌ಇಡಿ ದೀಪ ಬಂತು. ಹುಡುಗಿಗೆ ಬೇಸರ. ನಾನು ಮಾತ್ರ ದೀಪ ಬೇಡವೆನ್ನಲಾರೆ. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಅದು ಬೇಕು, ಚಿರತೆ ಓಡಾಡುವ ಸೀಮೆ ಬೇರೆ. ಆದರೆ ದೀಪ ಬೆಳಗಬೇಕಾದದ್ದು ನೆಲವನ್ನು. ಮೇಲೆ ಒಂದು ತಗಡಿನ ಮುಚ್ಚಳವಿದ್ದರೆ ಬೀದಿಗೂ ಬೆಳಕು, ತಾರಸಿಗೂ ಕತ್ತಲು. ಭಾವ ಲೈನ್‌ಮನ್‌ಗೆ ಹೇಳಿ ದೀಪವನ್ನು ಸ್ವಲ್ಪ ಕೆಳಮುಖ ಮಾಡಿಸಿದ್ದಾರೆ. ಅದೇ ಚಿರತೆ ಮತ್ತು ಕೊಳಕುಮಂಡಲದ ಕಾರಣಕ್ಕೆ ಇನ್ನೊಂದು ಮಾತು. ಆಕಾಶ ನೋಡಲೆಂದು ಕಬ್ಬಿನ ಗದ್ದೆಗೆ, ಕೆರೆ ಏರಿಗೆ ಹೋಗಬೇಡಿ. ನಮ್ಮ ತಾರಸಿ, ನಮ್ಮ ಹಿತ್ತಲು ಸಾಕು. ಚಪ್ಪಲಿ, ಟಾರ್ಚ್ ಇರಲಿ.

ಹಿಂದಿನ ಬೀದಿಯವರು ಏನಂದರೆಂದು ನೀವು ಕೇಳಬಹುದು. ಮೂರನೆಯ ರಾತ್ರಿ ಆ ಬೀದಿಯ ಅಜ್ಜಿಯೊಬ್ಬರು ಕೆಳಗಿನಿಂದ ಕೂಗಿದರು. "ಅದೇನ್ರವ್ವ ದಿನಾ ಅಟ್ಟ ಹತ್ತಿ ನೋಡ್ತೀರಾ, ನಮ್ಗೂ ವಸಿ ತೋರ್ಸಿ!" ಏಣಿ ಹತ್ತಲು ಅವರಿಗೆ ಆಗದು. ಬೈನಾಕ್ಯುಲರ್ ಕೆಳಗಿಳಿಸಿ ಅಂಗಳದಲ್ಲೇ ಚಂದ್ರನನ್ನು ತೋರಿಸಿದೆವು. ಚಂದ್ರನ ಗುಂಡಿಗಳನ್ನು ನೋಡಿ, "ಇದೇನವ್ವ, ಸಿಡುಬಿನ ಮೊಕ" ಎಂದು ನಕ್ಕರು.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಏಣಿಯ ಎರಡು ಹಲ್ಲು ಮುರಿದಿವೆಯಂತೆ. ಭಾವ ಮೆಟ್ಟಿಲನ್ನೇ ಕಟ್ಟಿಸುತ್ತೇನೆ ಎನ್ನುತ್ತಿದ್ದಾರಂತೆ, ಈ ಸಲ ಕೊಬ್ಬರಿಗೆ ಒಳ್ಳೆಯ ರೇಟು ಬಂದರೆ. ಹುಡುಗಿ ಈಗಲೇ ಇಟ್ಟಿಗೆ ಲೆಕ್ಕ ಹಾಕಿ ಗೋಡೆಯ ಮೇಲೆ ಬರೆದಿಟ್ಟಿದ್ದಾಳಂತೆ.